ಹತ್ತು ದಿನದ ಇಲಿಮರಿಯಲ್ಲಿ ದಾರ ಹಾಯಿಸಿದ ನನ್ನ ಅನುಭವ

ಎಳೆಯ ಮಿದುಳಿಗೆ ಪಾರ್ಶ್ವವಾಯು ಬಡಿದಾಗ ಏನಾಗುತ್ತದೆ ಎಂದು ತಿಳಿಯಲು, ಇಲಿಮರಿಯ ಕುತ್ತಿಗೆಯ ರಕ್ತನಾಳದ ಮೂಲಕ ತೆಳು ದಾರ ಹಾಯಿಸಿ ಮಿದುಳಿನ ನಾಳವನ್ನು ಮುಚ್ಚುವ ಪ್ರಯೋಗ ನನ್ನದು. ‘ಇಷ್ಟು ಚಿಕ್ಕ ಮರಿಗೆ ದಾರ ಹಾಯಿಸುವುದು ಆಗದ ಮಾತು. ಕುತ್ತಿಗೆಯ ಕರೋಟಿಡ್ ಅಪಧಮನಿಯನ್ನು ಕಟ್ಟಿ, ಶೇಕಡ 8ರ ಆಮ್ಲಜನಕದಲ್ಲಿ ಇಟ್ಟರೆ ಸಾಕು’ ಎಂಬ ಮಾತನ್ನು ಪುಣೆಯ ಲ್ಯಾಬಿನಲ್ಲಿ ಎರಡು ವರ್ಷ ಕೇಳಿದೆ. ಆ ವಿಧಾನದಲ್ಲಿ ಇಡೀ ದೇಹಕ್ಕೆ ಆಮ್ಲಜನಕ ತಗ್ಗುತ್ತದೆ. ನನಗೆ ಬೇಕಾಗಿದ್ದದ್ದು ಮಿದುಳಿನ ಮಧ್ಯದ ಅಪಧಮನಿಯೊಂದನ್ನೇ ಮೂರು ಗಂಟೆ ಮುಚ್ಚಿ, ಮತ್ತೆ ತೆರೆಯುವುದು.

ಮೊದಲ ನಲವತ್ತು ಮರಿಗಳಲ್ಲಿ ಉಳಿದದ್ದು ಏಳೋ ಎಂಟೋ. ದಾರದ ತುದಿ ನಾಳವನ್ನು ಚುಚ್ಚಿ, ಮಿದುಳಿನ ಬುಡದಲ್ಲೆಲ್ಲ ರಕ್ತ. ವಿದೇಶದಿಂದ ತರಿಸಿದ ದಾರ ಒಂದೊಂದಕ್ಕೆ ಸಾವಿರ ರೂಪಾಯಿಗೂ ಹೆಚ್ಚು. ವರ್ಷದ ಅನುದಾನ ನಾಲ್ಕು ತಿಂಗಳಲ್ಲಿ ಕರಗಿತು. ಕೊನೆಗೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ತೆಳು ನೈಲಾನ್ ಹೊಲಿಗೆ ದಾರಕ್ಕೆ (6-0 ಅಳತೆ) ದಂತವೈದ್ಯರ ಸಿಲಿಕೋನ್ ಹಚ್ಚಿ ನಾನೇ ತಯಾರಿಸಿದೆ. ಖರ್ಚು ಮೂವತ್ತು ರೂಪಾಯಿಯ ಆಸುಪಾಸು. ಸಿಲಿಕೋನನ್ನು ಎಷ್ಟು ಹೊತ್ತು, ಯಾವ ಶಾಖದಲ್ಲಿ ಆರಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬದುಕಿದ ಮರಿಗಳನ್ನು ತಾಯಿಯೇ ತಿಂದುಹಾಕಿತು. ಅದು ನನ್ನನ್ನು ಕಂಗೆಡಿಸಿತು. ಧಾರವಾಡದ ಕಡೆ ತಬ್ಬಲಿ ಕರುವಿನ ಮೈಗೆ ಬೇರೆ ಹಸುವಿನ ಗಂಜಲ ಸವರಿ, ಅದರದೇ ವಾಸನೆ ಬರುವಂತೆ ಮಾಡಿ ಕೂಡಿಸುತ್ತಿದ್ದುದು ನೆನಪಾಯಿತು. ಮರಿಗಳ ಮೈಗೆ ಅದೇ ಪಂಜರದ ಹಾಸುಹೊಟ್ಟು ಉಜ್ಜಿ, ಮೈ ಬಿಸಿಯಾದ ಮೇಲೆ ಎಲ್ಲವನ್ನೂ ಒಟ್ಟಿಗೆ ತಾಯಿಯ ಬಳಿ ಬಿಟ್ಟೆ. ಆಮೇಲೆ ನಷ್ಟ ಹತ್ತರಲ್ಲಿ ಒಂದಕ್ಕೆ ಇಳಿಯಿತು.

ನಡುವೆ ಮಿದುಳಿನ ರಕ್ತನಾಳಗಳನ್ನು ಎದ್ದು ಕಾಣಿಸಲು ಜೆಲಟಿನ್ ಬೆರೆಸಿದ ಕಪ್ಪು ಇಂಕನ್ನು ಹೃದಯದ ಮೂಲಕ ಹಾಯಿಸಿ ನೋಡಿದೆ. ದೊಡ್ಡ ನಾಳಗಳು ಚೆನ್ನಾಗಿ ಕಂಡವು, ಕೂದಲೆಳೆಯಂಥ ಲೋಮನಾಳಗಳಲ್ಲಿ ಇಂಕು ಅರ್ಧಕ್ಕೇ ಹೆಪ್ಪುಗಟ್ಟಿತು. ಮೂರು ವಾರ ವ್ಯರ್ಥ. ನಾಳಗಳ ಗೋಡೆಗೆ ಅಂಟಿಕೊಳ್ಳುವ ಪ್ರೋಟೀನಾದ ಲೆಕ್ಟಿನ್‌ನಿಂದ ಬಣ್ಣ ಕಟ್ಟುವ ವಿಧಾನಕ್ಕೇ ಮರಳಿದೆ.

ನಾಳ ಮುಚ್ಚಿ ತೆರೆದ ಎರಡು ವಾರಗಳ ನಂತರದ ಮಿದುಳುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟಾಗ ಕಂಡದ್ದು ಹೀಗೆ: ಆರೋಗ್ಯವಾಗಿದ್ದ ಬದಿಯಲ್ಲಿ ನಾಳಗಳ ಜಾಲ ವಯಸ್ಸಿಗೆ ತಕ್ಕಂತೆ ದಟ್ಟವಾಗುತ್ತ ಹೋಗಿತ್ತು, ಪೆಟ್ಟುಬಿದ್ದ ಬದಿಯಲ್ಲಿ ಗಾಯದ ಅಂಚಿನಲ್ಲೂ ನಾಳಗಳ ಹೊಸ ಕವಲು ವಿರಳ, ವಿಭಜನೆಯಾಗುವ ನಾಳದ ಒಳಪದರದ ಜೀವಕೋಶಗಳೂ ಕಡಿಮೆ. ಬೆಳೆದ ಇಲಿಯಲ್ಲಾದರೆ ಅದೇ ಅಂಚಿನಲ್ಲಿ ಕೆಲವೇ ದಿನಗಳಲ್ಲಿ ಚಿಗುರು ಕಾಣುತ್ತದೆ. ಎಳೆಯ ಮಿದುಳು ಎಲ್ಲವನ್ನೂ ತಾನೇ ಸರಿಪಡಿಸಿಕೊಳ್ಳುತ್ತದೆ ಎಂದು ನಂಬಿದ್ದವರಿಗೆ ಸ್ಲೈಡುಗಳನ್ನೇ ತೋರಿಸಿದೆ. ನನ್ನನ್ನು ತಡೆದಿದ್ದ ಹಿರಿಯರು ಈಗ ತಮ್ಮ ವಿದ್ಯಾರ್ಥಿಗಳನ್ನು ದಾರ ಕಲಿಯಲು ನನ್ನ ಬಳಿಗೇ ಕಳುಹಿಸುತ್ತಿದ್ದಾರೆ.

ಈ ಬ್ಯಾಚಿನ ಅರ್ಧ ಮರಿಗಳನ್ನು ಎಂಟು ವಾರದವರೆಗೆ ಬೆಳೆಸುತ್ತಿದ್ದೇನೆ, ಚಿಗುರು ತಡವಾಗಿಯಾದರೂ ಬರುತ್ತದೆಯೇ ಎಂದು ನೋಡಲು.