ಜಾರ್ಜಿಯನ್ ಸಾಲುಮನೆ ನೋಡೋದು ಹೆಂಗ? ಕಿಟಕಿಯಿಂದ ಶುರು ಮಾಡ್ರಿ

ನಮ್ಮ ಬಳ್ಳಾರಿಯಿಂದ ಮಕ್ಕಳ ಮನಿಗಂತ ಲಂಡನ್ನಿಗೆ ಹೋಗೋ ಅಪ್ಪ-ಅಮ್ಮಂದಿರು ಈಗ ಭಾಳ ಮಂದಿ ಅದಾರ, ಅರಮನಿ ಮುಂದ ಫೋಟೋ ತಗಸ್ಕೊಂಡು ಬರ್ತಾರ, ಆದ್ರ ದಾರಿ ಬಾಜು ಇರೋ ಹಳೇ ಸಾಲುಮನೆ ನಿಂತು ನೋಡೋರು ಕಡಿಮಿ. ಅವನ್ನ ನೋಡ್ದ ಬರಬ್ಯಾಡ್ರಿ. 1714ರಿಂದ 1830ರ ತನಕ ನಾಲ್ಕು ಜನ ಜಾರ್ಜ್ ರಾಜರು ಸಾಲಾಗಿ ಆಳಿದ್ರು, ಆಗ ಕಟ್ಟಿದವೇ ಇವು.

ಮೊದ್ಲು ಎದುರಿನ ಫುಟ್‌ಪಾತಿಗೆ ದಾಟ್ರಿ, ಹತ್ರ ನಿಂತ್ರ ಪೂರ್ತಿ ಮನಿ ಕಾಣಂಗಿಲ್ಲ. ಕಿಟಕಿ ಕೆಳಗಿಂದ ಮ್ಯಾಲಕ್ಕ ನೋಡ್ಕೊಂತ ಹೋಗ್ರಿ. ಎಲ್ಲಕ್ಕಿಂತ ಉದ್ದನ ಕಿಟಕಿ ಸಾಮಾನ್ಯವಾಗಿ ಫಸ್ಟ್ ಫ್ಲೋರಿನಾಗ ಇರ್ತಾವ, ಬಂದೋರನ್ನ ಕೂಡ್ಸೋ ಡ್ರಾಯಿಂಗ್ ರೂಮ್ ಅದು. ಅದರ ಮ್ಯಾಲ ಮಲಗೋ ಕೋಣಿ, ಕಿಟಕಿ ಗಿಡ್ಡ ಆಗ್ತಾವ, ತುದೀಗೆ ಆಳುಗಳ ಕೋಣಿ. ಅಡಿಗಿಮನಿ ರಸ್ತೆಗಿಂತ ಕೆಳಗ, ಕಬ್ಬಿಣದ ಕಟಾಂಜನದ ಹಿಂದ ಬಗ್ಗಿ ನೋಡಿದ್ರ ತಗ್ಗಿನಾಗ ಅದರ ಕಿಟಕಿ ಕಾಣ್ತೈತಿ. ಫುಟ್‌ಪಾತಿನಾಗ ದುಂಡನ ಕಬ್ಬಿಣದ ಮುಚ್ಚಳ ಸಿಕ್ರ ಅಲ್ಲಿಂದ ಕಲ್ಲಿದ್ದಲು ಸುರೀತಿದ್ರು ಅಂತ ತಿಳ್ಕೋರಿ.

ಮನಿ ಯಾವ ಕಾಲದ್ದು ಅಂತ ಗುರ್ತು ಹಿಡಿಯೋದು ಹೆಂಗಂದ್ರ, ಕಿಟಕಿ ಚೌಕಟ್ಟು ಗ್ವಾಡಿ ಮುಖಕ್ಕ ಸಮ ಐತೋ ಒಳಗ ಸರದೈತೋ ನೋಡ್ರಿ. 1666ರಾಗ ಲಂಡನ್ ಸುಟ್ಟು ಹೋದ ಮ್ಯಾಲ ಬೆಂಕಿ ಹಬ್ಬಬಾರ್ದಂತ ಒಂದರ ಹಿಂದ ಒಂದು ಕಾಯ್ದೆ ಬಂದ್ವು, 1709ರದ್ದು ಕಟ್ಟಿಗಿ ಚೌಕಟ್ಟನ್ನ 4 ಇಂಚು ಒಳಗ ಸರಸ್ರಿ ಅಂತು. ಈ ಮನಿಗಳ ಕಿಟಕಿಗೆ ಸ್ಯಾಷ್ ಅಂತಾರ, ಮ್ಯಾಲ-ಕೆಳಗ ಸರೀತಾವ, ಬಾಜೂಕ ಒಂದು ಪೆಟ್ಟಿಗಿಯೊಳಗ ಹಗ್ಗಕ್ಕ ತೂಕ ಕಟ್ಟಿರ್ತಾರ, 1774ರ ಕಾಯ್ದೆ ಆ ಪೆಟ್ಟಿಗೀನೂ ಇಟ್ಟಂಗಿ ಹಿಂದ ಅಡಗಿಸ್ತು, ಹಂಗಾಗಿ ಹೊರಗಿಂದ ಕಟ್ಟಿಗಿ ಸಣ್ಣ ಪಟ್ಟಿ ಅಷ್ಟೇ ಕಾಣ್ತೈತಿ. ಗಾಜಿನ ನಡುವಿನ ಪಟ್ಟಿ ದಪ್ಪ ಇದ್ರ ಹಳೇದು, ಸಣ್ಣಗಿದ್ರ ಆಮ್ಯಾಲಿಂದು. ಆದ್ರ ಕಾಯ್ದೆ ಲಂಡನ್ನಿನದು, ಬ್ಯಾರೆ ಊರಾಗ ಇದೇ ಲೆಕ್ಕ ಹಿಡೀಬ್ಯಾಡ್ರಿ.

ಮುಚ್ಚಿದ ಕಿಟಕಿ ಕಂಡ್ರ ಎಲ್ಲಾರೂ ಕಿಟಕಿ ಎಣಿಸಿ ಹಾಕೋ ತೆರಿಗಿ ತಪ್ಪಿಸಾಕ ಮುಚ್ಚಿದ್ದು ಅಂತಾರ. ತೆರಿಗಿ ಇದ್ದದ್ದು ಖರೆ, 1696ರಿಂದ 1851ರ ತನಕ. ಆದ್ರ ಎಷ್ಟೋ ಕಿಟಕಿ ಸಾಲು ಸಮ ಕಾಣ್ಲಿ ಅಂತ ಕಟ್ಟುವಾಗ್ಲೇ ಕುರುಡು ಬಿಟ್ಟಿದ್ದು. ಒಳಗಿನ ಇಟ್ಟಂಗಿ ಸುತ್ತಲಿನ ಗ್ವಾಡಿಗೆ ಹೊಂದ್ಲಿಲ್ಲಂದ್ರ ಆಮ್ಯಾಲ ಮುಚ್ಚಿರಬೌದು.

ಒಳಗ ಹೋಗಾಕ ಸಿಕ್ರ ಮೆಟ್ಲು ಹತ್ತಿರ ನಿಂತು ತಲಿ ಎತ್ರಿ. ಎರಡೂ ಕಡೆ ಪಕ್ಕದ ಮನಿ ಗ್ವಾಡಿ, ಬೆಳಕು ಮುಂದ-ಹಿಂದ ಅಷ್ಟೇ, ಅದಕ್ಕ ಎಷ್ಟೋ ಮನಿಯಾಗ ಮೆಟ್ಲು ಮ್ಯಾಲ ಮಾಡಿನಾಗ ಗಾಜು ಕೂಡಸ್ಯಾರ. ನಮ್ಮ ಮಾಳಿಗಿ ಮನಿ ಗವಾಕ್ಷಿ ಮಾಡೋ ಕೆಲ್ಸಾನ ಅದೂ ಮಾಡ್ತೈತಿ.

ಬಾತ್ ಊರಿಗೆ ಹೋದ್ರ ರಾಯಲ್ ಕ್ರೆಸೆಂಟ್ ಬಿಡಬ್ಯಾಡ್ರಿ, 1767ರಿಂದ 1774ರೊಳಗ ಕಟ್ಟಿದ 30 ಮನಿ, ಕಿರಿಯ ಜಾನ್ ವುಡ್ ಮಾಡಿದ ನಕ್ಷಾ. ಒಂದನೇ ನಂಬರ್ ಮನಿ ಈಗ ಮ್ಯೂಸಿಯಂ, ಟಿಕೆಟ್ ತಗೊಂಡು ಕೆಳಗಿನ ಅಡಿಗಿಮನಿ ತನಕ ಇಳೀರಿ. ಆಮ್ಯಾಲ ಹಿಂದಿನ ಓಣಿಗೆ ಹೋಗ್ಲೇಬೇಕು: ಮುಂದಿನ ಗ್ವಾಡಿ ಅಷ್ಟೇ ಎಲ್ಲಾರೂ ಒಂದೇ ನಕ್ಷಾ ಪ್ರಕಾರ ಕಟ್ಟಬೇಕಿತ್ತು, ಹಿಂದ ಒಬ್ಬೊಬ್ರು ತಮಗ ಬೇಕಾದಂಗ ಕಟ್ಯಾರ.