ಸೇನಾನಿಯ ಬದುಕನ್ನು ಬರೆಯುವ ಬಗೆ: ಮರೀನ್ ಜನರಲ್ ಸ್ಮಿತ್ ಅವರ ಉದಾಹರಣೆ

ವಿಜಯಪುರದ ಸೈನಿಕ ಶಾಲೆ, ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಯಂಥ ಕಡೆ ಓದುವ ಹುಡುಗರು ಯುದ್ಧಕಾಲದ ಸೇನಾನಿಯೊಬ್ಬರ ಬಗ್ಗೆ ಬರೆಯಲು ಕುಳಿತರೆ, ಸಾಮಾನ್ಯವಾಗಿ ಹುಟ್ಟಿದ ಊರಿನಿಂದ ಶುರುಮಾಡಿ ಪದಕಗಳ ಪಟ್ಟಿಯಲ್ಲಿ ಮುಗಿಸುತ್ತಾರೆ. ನಾನೂ ಒಮ್ಮೆ ಬೆಳಗಾವಿಯ ಒಂದು ಸಭೆಯಲ್ಲಿ ಹಾಗೆಯೇ ಮಾತನಾಡಿ, ಮೂರನೆಯ ಪದಕಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲು ಖಾಲಿಯಾದದ್ದನ್ನು ಕಂಡವನು. ಆಗ ಹಿಡಿದದ್ದು ಅಮೆರಿಕದ ಮರೀನ್ ಜನರಲ್ ಆಲಿವರ್ ಪ್ರಿನ್ಸ್ ಸ್ಮಿತ್ ಅವರ ವಿಷಯವನ್ನೇ. ಈಗ ಅದನ್ನೇ ಬೇರೆ ರೀತಿಯಲ್ಲಿ ಬರೆಯುವುದು ಹೇಗೆಂದು ಹೇಳುತ್ತೇನೆ.

'ಮರೀನ್' ಎಂಬುದನ್ನು ನೌಕಾಪಡೆ ಎಂದು ಅನುವಾದಿಸಬೇಡಿ. ಅಮೆರಿಕದ ಮರೀನ್ ಕೋರ್ ನೌಕಾ ಇಲಾಖೆಯ ಅಡಿಯಲ್ಲಿದ್ದರೂ ಹಡಗಿನಿಂದಿಳಿದು ನೆಲದ ಮೇಲೆ ಕಾದುವ ಪ್ರತ್ಯೇಕ ಪಡೆ. ನಮ್ಮಲ್ಲಿ ಅದಕ್ಕೆ ಸರಿಸಮನಾದುದಿಲ್ಲ.

ಬಾಲ್ಯ, ಬಡ್ತಿಗಳು ಒಂದೇ ಪ್ಯಾರಾದಲ್ಲಿ ಮುಗಿಯಲಿ. 1893ರಲ್ಲಿ ಟೆಕ್ಸಾಸ್‌ನಲ್ಲಿ ಜನನ, 1916ರಲ್ಲಿ ಬರ್ಕ್ಲಿಯಲ್ಲಿ ಪದವಿ, 1917ರಲ್ಲಿ ಸೇನೆಗೆ, 1930ರ ದಶಕದಲ್ಲಿ ಪ್ಯಾರಿಸ್ಸಿನ ಯುದ್ಧ ಕಾಲೇಜಿನಲ್ಲಿ ಓದು, 1944ರಲ್ಲಿ ಪೆಸಿಫಿಕ್ ಸಾಗರದ ಪೆಲೆಲಿಯು ದ್ವೀಪದ ಕಾಳಗದಲ್ಲಿ ಡಿವಿಜನ್ನಿನ (ಸಾವಿರಾರು ಸೈನಿಕರ ದೊಡ್ಡ ದಳದ) ಸಹಾಯಕ ದಂಡನಾಯಕತ್ವ, 1955ರಲ್ಲಿ ನಿವೃತ್ತಿ, 1977ರಲ್ಲಿ ಮರಣ. ಇಷ್ಟು ಸಾಕು.

ಉಳಿದ ಜಾಗವನ್ನೆಲ್ಲ ಒಂದು ನಿರ್ಧಾರಕ್ಕೆ ಕೊಡಿ. ಆ ನಿರ್ಧಾರವನ್ನು ತೂಗುವಾಗ ಘಟನೆಗೆ ಮೊದಲೇ ಬರೆದ ಕಾಗದವನ್ನು ಹುಡುಕಿ, ಏಕೆಂದರೆ ಗೆದ್ದ ಮೇಲೆ ಎಲ್ಲರೂ ಮುಂದಾಲೋಚನೆಯವರೇ. ಕೊರಿಯಾ ಯುದ್ಧದಲ್ಲಿ ಸ್ಮಿತ್ ನಡೆಸುತ್ತಿದ್ದ ಮೊದಲನೆಯ ಮರೀನ್ ಡಿವಿಜನ್ನನ್ನು ಉತ್ತರ ಕೊರಿಯಾದ ಬೆಟ್ಟಗಳ ನಡುವಿನ ಚೋಸಿನ್ ಜಲಾಶಯದತ್ತ ಬೇಗ ನುಗ್ಗಿಸಬೇಕೆಂದು ಮೇಲಧಿಕಾರಿ ಜನರಲ್ ಆಲ್ಮಂಡ್ ಒತ್ತಾಯಿಸುತ್ತಿದ್ದಾಗ, ಸ್ಮಿತ್ 1950ರ ನವೆಂಬರ್ 15ರಂದು ಮರೀನ್ ಕೋರಿನ ಮುಖ್ಯಸ್ಥರಿಗೆ ಪತ್ರ ಬರೆದು, ತಮ್ಮ ಎಡಪಕ್ಕ ಕಾವಲಿಲ್ಲದೆ ತೆರೆದುಬಿದ್ದಿದೆ, ಒಂದೇ ಬೆಟ್ಟದ ದಾರಿಯುದ್ದಕ್ಕೂ ಡಿವಿಜನ್ ಚದುರಿದೆ ಎಂಬ ಆತಂಕವನ್ನು ತೋಡಿಕೊಂಡರು. ಉತ್ತರ ಕೊರಿಯಾದ ಪರ ಯುದ್ಧಕ್ಕಿಳಿದಿದ್ದ ಚೀನೀ ಸೈನ್ಯ ಎರಗಿದ್ದು ನವೆಂಬರ್ 27ರ ರಾತ್ರಿ. ಈ ಎರಡು ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ನಿಮ್ಮ ಲೇಖನದ ಅರ್ಧ ಕೆಲಸ ಆದಂತೆ. ಆ ನಡುವೆ ಸ್ಮಿತ್ ಬೇಕೆಂದೇ ನಿಧಾನ ನಡೆದು, ದಾರಿಯಲ್ಲಿ ದಾಸ್ತಾನು ಮಾಡಿ, ಹಗಾರು-ರಿ ಎಂಬಲ್ಲಿ ವಿಮಾನ ಇಳಿಯಲು ಪಟ್ಟಿ ಕೊರೆಸಲು ಆರಂಭಿಸಿದ್ದರು. ದಾಳಿ ಶುರುವಾದ ಮೇಲೂ ದೀಪದ ಬೆಳಕಿನಲ್ಲಿ ಆ ಹೆಪ್ಪುಗಟ್ಟಿದ ನೆಲವನ್ನು ಅಗೆಯುವ ಕೆಲಸ ನಿಲ್ಲಲಿಲ್ಲ, ಮತ್ತು ಡಿಸೆಂಬರ್ ಮೊದಲ ವಾರದಲ್ಲಿ ಅಲ್ಲಿಂದಲೇ ನಾಲ್ಕು ಸಾವಿರಕ್ಕೂ ಹೆಚ್ಚು ಗಾಯಾಳುಗಳು, ಹಿಮಗಾಯಕ್ಕೊಳಗಾದವರು ಹಾರಿಹೋದರು.

ದೂರವನ್ನೂ ಚಳಿಯನ್ನೂ ಓದುಗರ ಅನುಭವಕ್ಕೆ ತನ್ನಿ. ದಾಳಿಯ ಮೇಲೆ ಮುಂಚೂಣಿಯ ಮರೀನರು ಜಲಾಶಯದ ಪಶ್ಚಿಮಕ್ಕಿರುವ ಯುದಾಮ್-ನಿ ಎಂಬ ಹಳ್ಳಿಯಿಂದ ಕಾದುತ್ತಲೇ ಹಗಾರು-ರಿಗೆ ಹಿಂದಿರುಗಬೇಕಾಯಿತು. ಆ ದಾರಿ ಸುಮಾರು 22 ಕಿ.ಮೀ.; ಬೆಳಗಾವಿಯಿಂದ ಹಿರೇಬಾಗೇವಾಡಿಗೆ ಹೋದಷ್ಟು ಎಂದಿಟ್ಟುಕೊಳ್ಳಿ. ನಮಗೆ ಅದು ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಆ ಸೈನ್ಯದ ಕೊನೆಯ ತುಕಡಿಗೆ 79 ಗಂಟೆ ಹಿಡಿಯಿತು. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಆ ರಾತ್ರಿಗಳಲ್ಲಿ ವೈದ್ಯ ಸಹಾಯಕರು ಮಾರ್ಫಿನ್ ಹೆಪ್ಪುಗಟ್ಟದಂತೆ ಅದರ ಪುಟ್ಟ ಕೊಳವೆಗಳನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಸ್ವೆಟರ್ ಹಾಕಿಕೊಂಡು ಡಿಸೆಂಬರ್ ಕಳೆಯುವ ಬೆಳಗಾವಿಯವರಿಗೆ ಚಳಿಯ ಅಂಕಿಗಿಂತ ಆ ಕೊಳವೆ ಬೇಗ ಅರ್ಥವಾಗುತ್ತದೆ.

ಪ್ರಸಿದ್ಧ ಮಾತುಗಳನ್ನು ಮಾತ್ರ ಕೈ ತೊಳೆದು ಮುಟ್ಟಬೇಕು. ಇದು ಹಿಮ್ಮೆಟ್ಟುವಿಕೆಯಲ್ಲ, ಇನ್ನೊಂದು ದಿಕ್ಕಿಗೆ ನಡೆಸುತ್ತಿರುವ ದಾಳಿ ಎಂದು ಸ್ಮಿತ್ ಬೈಗುಳ ಸೇರಿಸಿ ಗುಡುಗಿದರೆಂದು ಪತ್ರಿಕೆಗಳು ಹಬ್ಬಿಸಿದವು. ಮಿತಭಾಷಿಯಾದ, ಬೈದು ರೂಢಿಯಿಲ್ಲದ ಅವರ ವಿವರಣೆ ಸರಳವಾಗಿತ್ತು: ಸುತ್ತಲೂ ಶತ್ರುವಿರುವಾಗ ಹಿಂದೆ, ಮುಂದೆ ಎಂಬುದೇ ಇರುವುದಿಲ್ಲ, ಯಾವ ಕಡೆ ಹೊರಟರೂ ದಾಳಿ ಮಾಡಿಯೇ ಹೋಗಬೇಕು. ನನಗಂತೂ ಗುಡುಗಿಗಿಂತ ಈ ಲೆಕ್ಕಾಚಾರವೇ ಆ ಮನುಷ್ಯನ ಸ್ವಭಾವಕ್ಕೆ ಹತ್ತಿರವೆನಿಸುತ್ತದೆ.

ಕೊನೆಯದಾಗಿ, ನಾಯಕನ ಬೆಳಕು ಬೀಳದವರಿಗೂ ಜಾಗವಿರಲಿ. ಜಲಾಶಯದ ಪೂರ್ವ ದಡದಲ್ಲಿದ್ದ ಸುಮಾರು 3,000 ಜನರ ಅಮೆರಿಕದ ಭೂಸೇನೆಯ (ಮರೀನರಲ್ಲದ) ತುಕಡಿ ದಿನಗಟ್ಟಲೆ ಚೀನೀ ಪಡೆಗಳನ್ನು ತಡೆದು ನಿಂತು ನುಚ್ಚುನೂರಾಯಿತು. ಹಗಾರು-ರಿ ಉಳಿಯಲು ಅದೂ ಒಂದು ಕಾರಣ. ಚೋಸಿನ್ ಕೂಡ ನಮ್ಮ ಹಿಡಕಲ್ಲಿನಂತೆ ಅಣೆಕಟ್ಟಿನ ಹಿನ್ನೀರೇ, ಆದರೆ ಆಗ ಗಟ್ಟಿ ಮಂಜುಗಡ್ಡೆಯಾಗಿತ್ತು. ಬದುಕುಳಿದ ಗಾಯಾಳುಗಳಲ್ಲಿ ಅನೇಕರು ಅದರ ಮೇಲೆ ತೆವಳುತ್ತ, ಕುಂಟುತ್ತ ದಾಟಿ ಬಂದು, ಸ್ಮಿತ್ ಕೊರೆಸಿದ ಅದೇ ಪಟ್ಟಿಯಿಂದ ವಿಮಾನ ಹತ್ತಿದರು.