ಕಾಲಡಿ ಕಾಲುವೆ, ಬೆನ್ನ ಮೇಲೆ ಆರು ಲೀಟರ್

ಮೇ ತಿಂಗಳ ನಡುವೆ ಒಂದು ದಿನ, ಬೆಳಗಿನ ಜಾವ ಮೂರು ಗಂಟೆಗೆ ಹೈಕರ್‌ಟೌನ್ ಎಂಬ ಚಾರಣಿಗರ ತಂಗುದಾಣ ಬಿಟ್ಟಾಗ ನನ್ನ ಚೀಲದಲ್ಲಿ ಆರು ಲೀಟರ್ ನೀರಿತ್ತು. ನೀರಿನದೇ ಆರು ಕಿಲೋ. ಡೇರೆ, ಹಾಸಿಗೆ, ಎರಡು ದಿನದ ಊಟ ಸೇರಿ ಒಟ್ಟು ಹದಿನಾಲ್ಕು. ಅಮೆರಿಕದಲ್ಲಿ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿಲೋಮೀಟರ್ ಸಾಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ ಅಲ್ಲಿಗೆ 830 ಕಿಲೋಮೀಟರ್ ಮುಗಿದಿತ್ತು. ಬೆಟ್ಟಸಾಲಿನ ಮೇಲೆ ಹೋಗಬೇಕಾದ ಈ ಹಾದಿ ಇಲ್ಲಿ ಮೊಹಾವೆ ಮರುಭೂಮಿಯ ಪಶ್ಚಿಮದ ಅಂಚಿಗೆ ಇಳಿದು ಬಯಲಿನಲ್ಲಿ ಸಾಗುತ್ತದೆ. ಮುಂದೆ ನಂಬಬಹುದಾದ ನೀರೆಂದರೆ ಟೈಲರ್‌ಹಾರ್ಸ್ ಕಣಿವೆಯ ತೊರೆ. ಅದು 39 ಕಿಲೋಮೀಟರ್ ದೂರದಲ್ಲಿತ್ತು.

ಇಲ್ಲಿನ ವಿಚಿತ್ರವೆಂದರೆ, ನಡೆಯುವುದೇ ನೀರಿನ ಮೇಲೆ. ಲಾಸ್ ಏಂಜಲೀಸ್ ನಗರಕ್ಕೆ ನೀರೊಯ್ಯುವ ಕಾಲುವೆ, ಲಾಸ್ ಏಂಜಲೀಸ್ ಅಕ್ವಿಡಕ್ಟ್, ಮೊದಲು ಕಪ್ಪು ಕೊಳವೆಯಾಗಿ ಪಕ್ಕದಲ್ಲೇ ಬರುತ್ತದೆ. ಆಮೇಲೆ ಕಾಂಕ್ರೀಟಿನ ಚಪ್ಪಡಿ ಹೊದ್ದು ಕಾಲಡಿಗೆ ಸೇರುತ್ತದೆ. ನಗರದ ಕಡೆಗೆ ಹರಿಯುವ ಆ ನೀರಿಗೆ ಎದುರಾಗಿ ನಾವು ಉತ್ತರಕ್ಕೆ ನಡೆಯುತ್ತೇವೆ. ಬೆಳಕು ಹರಿಯುವ ಹೊತ್ತಿಗೆ ಒಂದು ಕಬ್ಬಿಣದ ಮುಚ್ಚಳದ ಪಕ್ಕದಲ್ಲಿ ಮಂಡಿಯೂರಿ ಕಿವಿಯಿಟ್ಟೆ. ಒಳಗಿನಿಂದ ಗುಂಯ್ ಎನ್ನುವ ಸದ್ದು. ಕೆನ್ನೆಗೆ ತಾಕಿದ ಕಬ್ಬಿಣ ತಣ್ಣಗಿತ್ತು. ಏಳಲು ಮನಸ್ಸೇ ಬರಲಿಲ್ಲ.

ವಿಲಿಯಂ ಮಲ್ಹಾಲೆಂಡ್ ಎಂಬ ಎಂಜಿನಿಯರ್ ಕಟ್ಟಿಸಿದ ಈ ಕಾಲುವೆ 1913ರಲ್ಲಿ ಮುಗಿಯಿತು. ಓವೆನ್ಸ್ ಕಣಿವೆಯ ನೀರು ಒಂದೇ ಒಂದು ಪಂಪ್ ಇಲ್ಲದೆ, ಇಳಿಜಾರಿನ ಬಲದಿಂದಲೇ 375 ಕಿಲೋಮೀಟರ್ ಹರಿದು ಬರುತ್ತದೆ. ಅಲ್ಲಿ ಓವೆನ್ಸ್ ಸರೋವರ ಬತ್ತಿಹೋಯಿತು. 1924ರಲ್ಲಿ ಸಿಟ್ಟಿಗೆದ್ದ ಕಣಿವೆಯ ಜನ ಕಾಲುವೆಗೆ ಡೈನಮೈಟ್ ಇಟ್ಟರು. ನಾನು ಬೆಳೆದದ್ದು ಬೆಂಗಳೂರಿನಲ್ಲಿ, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಏರಿ ಬರುವ ಕಾವೇರಿ ನೀರು ಕುಡಿದು. ಆ ನೀರು ಎಲ್ಲಿಂದ ಬಂತು, ಯಾರ ಹೊಲದ ಪಾಲಿನದು ಎಂದು ನಲ್ಲಿ ತಿರುಗಿಸುವಾಗ ಯಾವತ್ತೂ ಕೇಳಿಕೊಂಡವನಲ್ಲ. ಈ ಚಪ್ಪಡಿಯ ಮೇಲೆ ಮೈಲಿಗಟ್ಟಲೆ ಅದೇ ಯೋಚನೆಯಾಯಿತು.

ಎಂಟು ಗಂಟೆಗೆ ಬಿಸಿಲು ಬಲಿಯಿತು. ಕೊಡೆ ಬಿಚ್ಚಿದೆ. ಬೆಳ್ಳಿಬಣ್ಣದ ಹೊದಿಕೆಯ ಕೊಡೆಯನ್ನು ಚೀಲದ ಪಟ್ಟಿಗೆ ಕಟ್ಟಿಕೊಂಡರೆ ಕೈ ಖಾಲಿಯಿರುತ್ತದೆ, ನೆರಳು ಜೊತೆಯಲ್ಲೇ ಬರುತ್ತದೆ. ಮೈಗೆ ತೆಳುವಾದ ಉದ್ದ ತೋಳಿನ ಅಂಗಿಯೇ ಸರಿ. ಚರ್ಮ ತೆರೆದಿಟ್ಟರೆ ತಂಪಾಗುತ್ತದೆ ಎಂಬುದು ಇಲ್ಲಿ ಸುಳ್ಳು. ಜೋಶುವಾ ಮರಗಳು ಉದ್ದಕ್ಕೂ ಇವೆ, ಆದರೆ ಅವುಗಳ ಮುಳ್ಳೆಲೆಯ ಗೊಂಚಲಿನ ನೆರಳು ಒಂದು ತಲೆಗೂ ಸಾಲದು.

ಒಂಬತ್ತರ ಹೊತ್ತಿಗೆ ನನ್ನ ಬೆರಳುಗಳು ಊದಿಕೊಂಡಿದ್ದವು. ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ, ಸಣ್ಣಗೆ ತಲೆನೋವು, ಹೊಟ್ಟೆಯಲ್ಲಿ ಸಂಕಟ. ತಪ್ಪು ನನ್ನದೇ. ಮೂರು ಗಂಟೆಯಿಂದ ಬರೀ ನೀರು ಕುಡಿಯುತ್ತಾ ಬಂದಿದ್ದೆ, ಉಪ್ಪು ತಿಂದಿರಲಿಲ್ಲ. ಬೆವರಿನಲ್ಲಿ ಉಪ್ಪು ಹೋಗುತ್ತಲೇ ಇರುವಾಗ ಬರೀ ನೀರು ತುಂಬಿಸಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಅದು ಬಾಯಾರಿಕೆಯಷ್ಟೇ ಅಪಾಯ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಬೆರಳು ಊದಲು ಬೇರೆ ಕಾರಣಗಳೂ ಇರಬಹುದು, ಆದರೆ ತಲೆನೋವು, ಸಂಕಟ ಜೊತೆಗೂಡಿದಾಗ ಕಾಯುತ್ತಾ ಕೂರಬಾರದು. ಕುಡಿಯುವುದನ್ನು ನಿಲ್ಲಿಸಿ, ಕೊಡೆಯಡಿ ಕುಳಿತು, ಚೀಲದಿಂದ ನಿಂಬೆಕಾಯಿ ಉಪ್ಪಿನಕಾಯಿಯ ಡಬ್ಬಿ ತೆಗೆದೆ. ಎರಡು ಹೋಳು, ಜೊತೆಗೆ ನೆನೆಸಿಟ್ಟಿದ್ದ ಗೊಜ್ಜವಲಕ್ಕಿ. ಒಲೆ ಹಚ್ಚುವ ಅಗತ್ಯವಿಲ್ಲದ, ಹುಳಿ ಉಪ್ಪು ಎರಡೂ ಇರುವ ಗೊಜ್ಜವಲಕ್ಕಿಗಿಂತ ಒಳ್ಳೆಯ ಮರುಭೂಮಿ ಊಟ ನನಗೆ ಈವರೆಗೆ ಸಿಕ್ಕಿಲ್ಲ. ಮುಕ್ಕಾಲು ಗಂಟೆಯಲ್ಲಿ ಸಂಕಟ ಇಳಿಯಿತು. ಅಂದಿನಿಂದ ಗಂಟೆಗೊಮ್ಮೆ ಉಪ್ಪು ನಾಲಿಗೆಗೆ ಬೀಳಲೇಬೇಕೆಂಬ ನಿಯಮ ಮಾಡಿಕೊಂಡಿದ್ದೇನೆ.

ಹನ್ನೊಂದಕ್ಕೆ ಕಾಟನ್‌ವುಡ್ ಕ್ರೀಕ್ ಸೇತುವೆ ತಲುಪಿದೆ. ಹೆಸರಿಗೆ ಕ್ರೀಕ್, ಅಂದರೆ ತೊರೆ. ಕೆಳಗೆ ಇದ್ದದ್ದು ಒಣ ಮರಳು. ಆದರೆ ಸೇತುವೆಯಡಿ ನಿಜವಾದ, ದಟ್ಟವಾದ ನೆರಳು. ಆಗಲೇ ಐದಾರು ಜನ ಅಲ್ಲಿ ಮಲಗಿದ್ದರು. ಪಕ್ಕದಲ್ಲಿ ಒಂದು ನಲ್ಲಿಯಿದೆ. ಅದರಲ್ಲಿ ನೀರು ಬಂದರೆ ಭಾಗ್ಯ, ಬರುತ್ತದೆಂದು ಲೆಕ್ಕ ಹಾಕಬಾರದು. ಆ ದಿನ ಸಣ್ಣ ಧಾರೆ ಬಂತು. ಸೋಸಿಕೊಂಡು ಎರಡು ಲೀಟರ್ ತುಂಬಿಸಿದೆ.

ಶೂ, ಕಾಲುಚೀಲ ಬಿಚ್ಚಿ, ಬೆರಳಸಂದಿನ ಮರಳು ಒರೆಸಿ, ಹಿಮ್ಮಡಿಯ ಕೆಂಪಾದ ಜಾಗಕ್ಕೆ ಟೇಪ್ ಅಂಟಿಸಿ ಮಲಗಿದೆ. ಗುಳ್ಳೆ ಎದ್ದ ಮೇಲೆ ಮಾಡುವ ಉಪಚಾರಕ್ಕಿಂತ ಕೆಂಪಾದಾಗಲೇ ಹಾಕುವ ಟೇಪ್ ಮೇಲು. ಸಂಜೆ ಐದರವರೆಗೆ ಅಲ್ಲಿಂದ ಕದಲಲಿಲ್ಲ. ಅಷ್ಟು ಹೊತ್ತು ಸುಮ್ಮನಿರುವುದು ನಡೆಯುವುದಕ್ಕಿಂತ ಕಷ್ಟ. ಮನಸ್ಸು ಕಿಲೋಮೀಟರ್ ಎಣಿಸುತ್ತಲೇ ಇರುತ್ತದೆ. ಆದರೂ 37 ಡಿಗ್ರಿಯಲ್ಲಿ ನಡೆಯುವ ಒಂದು ಗಂಟೆಯ ನೀರಿನಲ್ಲಿ ಸಂಜೆ ಎರಡು ಗಂಟೆ ನಡೆಯುತ್ತೇನೆ.

ಸಂಜೆ ಗಾಳಿ ಎದ್ದಿತು, ಕೊಡೆ ಮಡಚಿದೆ. ಕತ್ತಲಾದ ಮೇಲೆ ತಲೆದೀಪದ ಬೆಳಕು ಕಾಲ ಮುಂದೆಯೇ ಇರಬೇಕು, ಬಿಸಿ ಹಿಡಿದಿಟ್ಟ ಮಣ್ಣಿನ ಮೇಲೆ ಬುಡುಬುಡಿಕೆ ಬಾಲದ ಹಾವುಗಳು ಬಂದು ಮಲಗುತ್ತವೆ. ದೂರದಲ್ಲಿ ಟೆಹಾಚಪಿ ಕಡೆಯ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತಿದ್ದವು. ಒಂಬತ್ತಕ್ಕೆ ಟೈಲರ್‌ಹಾರ್ಸ್‌ಗೆ ಇಳಿದಾಗ ಚೀಲದಲ್ಲಿ ಒಂದು ಲೀಟರ್ ಉಳಿದಿತ್ತು. ತೊರೆ ಅಂಗೈ ಅಗಲ. ಲೋಟ ಪೂರ್ತಿ ಮುಳುಗದಷ್ಟು ಆಳ. ಮುಂದಿನ ಹಂತ 27 ಕಿಲೋಮೀಟರ್, ಏರುದಾರಿ. ಲೋಟ ವಾಲಿಸಿ ಮೊಗೆದು ಮೊಗೆದು ಐದು ಲೀಟರ್ ತುಂಬಿಸಿ, ಮೂರು ಗಂಟೆಗೆ ಅಲಾರಾಂ ಇಟ್ಟು ಮಲಗಿದೆ.